ಆಸ್ಪತ್ರೆ ಬಿಡುತ್ತೇನೆನ್ನುವ ಮಗಳಿಗೆ ಏನು ಹೇಳುವಿರಿ?



ನರ್ಸಿಂಗ್ ಓದಿದ ಒಬ್ಬ ಮಗಳೋ, ಸೊಸೆಯೋ, ತಂಗಿಯೋ ಇಲ್ಲದ ಧರ್ಮಕೇಂದ್ರವನ್ನು ನಮ್ಮಲ್ಲಿ ಹುಡುಕುವುದು ಕಷ್ಟ. ಬೆಂಗಳೂರು, ಮಂಗಳೂರುಗಳ ಮಾತಿರಲಿ, ನಮ್ಮ ರಾಯಚೂರು ಸೀಮೆಯ ಹಳ್ಳಿಗಳಿಂದಲೂ ಹೆಣ್ಣುಮಕ್ಕಳು ಈ ವಿದ್ಯೆ ಕಲಿಯಲು ಪಟ್ಟಣ ಸೇರುತ್ತಿದ್ದಾರೆ. ಅಂಥ ಮಗಳೊಬ್ಬಳು ಎರಡು ದಿನದ ರಜೆಗೆ ಮನೆಗೆ ಬಂದು, ರೊಟ್ಟಿ ಬಡಿಯುತ್ತಿರುವ ತಾಯಿಯ ಪಕ್ಕದಲ್ಲಿ ಕುಳಿತು, ‘ಯವ್ವಾ, ನನಗ ಈ ದವಾಖಾನಿ ಕೆಲಸ ಸಾಕಾಗ್ಯಾದ, ಬಿಡಬೇಕಂತ ಮಾಡೀನಿ’ ಎಂದರೆ ನೀವು ಏನು ಹೇಳುವಿರಿ?

ಸಾಮಾನ್ಯವಾಗಿ ನಾವು ಹೇಳುವುದು ಮೂರು ಮಾತು. ಸಾಲ ಮಾಡಿ ಓದಿಸಿದ್ದೇವಲ್ಲ, ಅದನ್ನು ತೀರಿಸುವವರು ಯಾರು? ನೌಕರಿ ಬಿಟ್ಟ ಹುಡುಗಿಗೆ ವರ ಹುಡುಕುವುದು ಹೇಗೆ? ಇವೆರಡಕ್ಕೂ ಅವಳು ಜಗ್ಗದಿದ್ದರೆ ಕೊನೆಯದು: ರೋಗಿಗಳ ಸೇವೆ ಎಂದರೆ ದೇವರ ಸೇವೆ, ಅದನ್ನು ಬಿಟ್ಟರೆ ದೇವರು ಮೆಚ್ಚುತ್ತಾನೆಯೇ?

ಮೊದಲೆರಡು ಮಾತುಗಳು ಮನೆಯ ಕಷ್ಟಸುಖದವು, ಅವುಗಳಿಗೆ ಉತ್ತರ ಮನೆಯಲ್ಲೇ ಸಿಗುತ್ತದೆ. ಮೂರನೆಯದು ಅವಳ ಆತ್ಮಸಾಕ್ಷಿಗೆ ಹಾಕಿದ ಗಂಟು. ಕೆಲಸ ಬಿಡುವುದು ಪಾಪವೇನೋ ಎಂದು ಒಳಗೊಳಗೇ ಕೊರಗುವ ದಾದಿಯರು ಉಂಟು. ಆದ್ದರಿಂದ ಈ ಮೂರನೆಯ ಮಾತನ್ನೇ ಈ ವಾರ ಸ್ವಲ್ಪ ಬಿಚ್ಚಿ ನೋಡೋಣ.

ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನಂಥ ಊರಿನವರಿಗೆ ಊರು ಬಿಟ್ಟು ಹೋಗುವುದೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ, ಕಾಲುವೆಯ ನೀರು ಕೊನೆಯ ಹೊಲಗಳನ್ನು ಮುಟ್ಟದ ವರ್ಷ, ಮಾನ್ವಿ, ದೇವದುರ್ಗ ಕಡೆಯ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಗುಳೆ ಹೊರಡುತ್ತವೆ. ಬೆಂಗಳೂರಿನ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುತ್ತವೆ. ಹಾಗೆ ಹೋದವರನ್ನು ನಾವು ಹೊಲಕ್ಕೆ ದ್ರೋಹ ಮಾಡಿದರು ಎಂದು ಬೈಯುವುದಿಲ್ಲ. ಹೊಟ್ಟೆಗೆ ಸಾಲದೆ ಹೋದರು ಎನ್ನುತ್ತೇವೆ. ನರ್ಸು ಆಸ್ಪತ್ರೆ ಬಿಟ್ಟರೆ ಮಾತ್ರ ನಮ್ಮ ಬಾಯಿಗೆ ಬೇರೆ ಶಬ್ದಗಳು ಬರುತ್ತವೆ. ಇದೇಕೆ ಹೀಗೆ?

ಅವಳು ಏಕೆ ಬಿಡಬೇಕೆನ್ನುತ್ತಾಳೆ ಎಂಬುದನ್ನು ಮೊದಲು ಕೇಳಿಸಿಕೊಳ್ಳಬೇಕು. ಭಾರತೀಯ ನರ್ಸಿಂಗ್ ಪರಿಷತ್ತು ಹಾಕಿಕೊಟ್ಟ ಒಂದು ಲೆಕ್ಕವಿದೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬರು. ನಿಮ್ಮ ನೆಂಟರನ್ನು ಆಸ್ಪತ್ರೆಗೆ ಸೇರಿಸಿದಾಗ ರಾತ್ರಿ ಎರಡು ಗಂಟೆಗೆ ಎದ್ದು ನೋಡಿದ್ದೀರಾ? ಉದ್ದನೆಯ ವಾರ್ಡು, ಎರಡೂ ಸಾಲಿನಲ್ಲಿ ಮಂಚಗಳು, ಕೆಲವೆಡೆ ಮಂಚಗಳ ನಡುವೆ ನೆಲದ ಮೇಲೂ ಹಾಸಿಗೆ. ಆ ತುದಿಯಲ್ಲಿ ಒಂದು ಮೇಜು, ಒಂದು ದೀಪ, ಒಬ್ಬಳು ಹುಡುಗಿ. ಒಬ್ಬರ ಸಲೈನ್ ಮುಗಿಯುತ್ತದೆ, ಇನ್ನೊಬ್ಬರಿಗೆ ಉಸಿರು ಸಿಗುತ್ತಿಲ್ಲ, ಮತ್ತೊಬ್ಬರ ಕಡೆಯವರು ‘ಸಿಸ್ಟರ್, ಎಷ್ಟು ಸಲ ಕರೀಬೇಕು ನಿಮಗ’ ಎಂದು ಗದರುತ್ತಾರೆ. ಇವೆಲ್ಲದರ ನಡುವೆ ಅವಳು ಪ್ರತಿಯೊಬ್ಬರ ಜ್ವರ, ರಕ್ತದೊತ್ತಡ, ಕೊಟ್ಟ ಔಷಧ, ಕೊಟ್ಟ ಹೊತ್ತು ಎಲ್ಲವನ್ನೂ ಬರೆದಿಡಬೇಕು. ಬರೆಯದೆ ಬಿಟ್ಟರೆ ಬೆಳಗ್ಗೆ ಮೇಲಿನವರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಬರೆಯುತ್ತ ಕುಳಿತರೆ ರೋಗಿಯ ಕಡೆಯವರ ಕಣ್ಣಿಗೆ ಅವಳು ಕೆಲಸಗಳ್ಳಿ.

ಸಂಬಳದ ಮಾತೂ ಬರಲಿ, ಅದರಲ್ಲಿ ನಾಚಿಕೆಪಡುವುದೇನಿಲ್ಲ. ದೇಶದ ದಾದಿಯರ ಸಂಘ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2016ರ ಜನವರಿಯಲ್ಲಿ ನ್ಯಾಯಾಲಯ ಈ ವಿಷಯ ನೋಡಲು ತಜ್ಞರ ಸಮಿತಿ ರಚಿಸಬೇಕೆಂದು ಕೇಂದ್ರ ಸರಕಾರಕ್ಕೆ ಹೇಳಿತು. ಆ ಸಮಿತಿಯ ಸಲಹೆ ಹೀಗಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಯ ನರ್ಸಿಗೆ ಸರಕಾರಿ ನರ್ಸಿನಷ್ಟೇ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಕಡಿಮೆಯಾಗದಂತೆ, 50ರಿಂದ 100 ಇದ್ದರೆ ಶೇ. 25ಕ್ಕಿಂತ ಕಡಿಮೆಯಾಗದಂತೆ, 50ಕ್ಕೂ ಕಡಿಮೆ ಹಾಸಿಗೆಯ ಚಿಕ್ಕ ಆಸ್ಪತ್ರೆಯಲ್ಲಿ ಕನಿಷ್ಠ 20,000 ರೂಪಾಯಿ. ಇದು ಹೊರಬಂದು ವರ್ಷಗಳೇ ಕಳೆದಿವೆ. ನಿಮ್ಮ ಮನೆಯ ನರ್ಸಿನ ಕೈಗೆ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಕೇಳಿ, ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಬಾಡಿಗೆ, ಊಟ, ಸಾಲದ ಕಂತು ಕಳೆದು ಮನೆಗೆ ಕಳಿಸಲು ಎಷ್ಟು ಉಳಿಯುತ್ತದೆ ಎಂದೂ ಕೇಳಿ.

ಸರಕಾರಿ ಆಸ್ಪತ್ರೆಯಲ್ಲಿ ಕಾಯಂ ಆದವರ ಕಥೆ ಬೇರೆ. ಆದರೆ ಅದೇ ಆಸ್ಪತ್ರೆಯಲ್ಲಿ, ಅದೇ ಪಾಳಿಯಲ್ಲಿ, ಅದೇ ಕೆಲಸವನ್ನು ಗುತ್ತಿಗೆಯ ಮೇಲೆ ಮಾಡುವವರಿದ್ದಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ನಮ್ಮ ರಾಜ್ಯದಲ್ಲಿ 2020ರ ಸೆಪ್ಟೆಂಬರಿನಲ್ಲಿ, ಕೊರೋನಾ ಉಲ್ಬಣಗೊಂಡಿದ್ದ ಹೊತ್ತಿನಲ್ಲೇ, ಮುಷ್ಕರ ಹೂಡಬೇಕಾಯಿತು. 2023ರ ಫೆಬ್ರುವರಿಯಲ್ಲಿ ಮತ್ತೆ ಸಾವಿರಾರು ಮಂದಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತರು. ಕೇಳಿದ್ದು ಹೊಸದೇನಲ್ಲ: ಕೆಲಸ ಕಾಯಂ ಮಾಡಿ, ಸಮಾನ ಕೆಲಸಕ್ಕೆ ಸಮಾನ ಸಂಬಳ ಕೊಡಿ. 2020ರ ಮಾರ್ಚ್ 22ರಂದು ಸಂಜೆ ಐದು ಗಂಟೆಗೆ ನಾವೆಲ್ಲ ಅಂಗಳದಲ್ಲಿ ನಿಂತು ಇವರಿಗಾಗಿಯೇ ತಟ್ಟೆ ಬಡಿದೆವು, ಚಪ್ಪಾಳೆ ಹೊಡೆದೆವು. ಅದೇ ವರ್ಷ ನರ್ಸುಗಳಿಗೆ ಬಾಡಿಗೆ ಮನೆ ಖಾಲಿ ಮಾಡಿ ಎಂದ ಮಾಲೀಕರೂ ಇದ್ದರು. ಚಪ್ಪಾಳೆ ತಟ್ಟಿದ ಕೈಯೇ ಬಾಗಿಲನ್ನೂ ಹಾಕಿತು.

ಇಷ್ಟೆಲ್ಲ ಇದ್ದರೂ, ದಣಿವು ಮತ್ತು ಸಂಬಳದಿಂದ ಮಾತ್ರ ನರ್ಸುಗಳು ಬಿಡುತ್ತಾರೆ ಎಂದರೆ ಅರ್ಧ ಸತ್ಯ. ನಮ್ಮ ಹೆಣ್ಣುಮಕ್ಕಳು ದಣಿವಿಗೆ ಹೆದರುವವರಲ್ಲ. ಬಿಸಿಲಲ್ಲಿ ಹತ್ತಿ ಬಿಡಿಸಿ, ಗದ್ದೆಯಲ್ಲಿ ನಾಟಿ ಮಾಡಿ ಬೆಳೆದವರು. ಇನ್ನೂ ಆಳದ ಕಾರಣವೊಂದಿದೆ. ಆಂಡ್ರೂ ಜೇಮ್ಟನ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ 1984ರಲ್ಲಿ ನರ್ಸುಗಳ ನೀತಿಪ್ರಶ್ನೆಗಳ ಬಗ್ಗೆ ಬರೆಯುತ್ತ ಅದಕ್ಕೊಂದು ಹೆಸರು ಕೊಟ್ಟರು. ನಮ್ಮ ಮಾತಿನಲ್ಲಿ ‘ನೈತಿಕ ಸಂಕಟ’ ಎನ್ನಬಹುದು. ಯಾವುದು ಸರಿ ಎಂದು ತಿಳಿಯದೆ ಒದ್ದಾಡುವುದು ಒಂದು ಬಗೆಯ ಕಷ್ಟ. ಸರಿಯಾದದ್ದು ಯಾವುದೆಂದು ಚೆನ್ನಾಗಿ ಗೊತ್ತಿದ್ದೂ ಅದನ್ನು ಮಾಡಲು ಸಂಸ್ಥೆಯ ವ್ಯವಸ್ಥೆ ಬಿಡದಿದ್ದಾಗ ಬರುವುದು ಬೇರೆಯೇ ಬಗೆಯದು, ಅದೇ ನೈತಿಕ ಸಂಕಟ. ಈ ಅಜ್ಜಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ ಎಂದು ಅವಳಿಗೆ ಗೊತ್ತು, ಕಲಿತಿದ್ದಾಳೆ. ಆದರೆ ವಾರ್ಡಿನಲ್ಲಿ ಅವಳು ಒಬ್ಬಳೇ. ಹುಣ್ಣಾಗುತ್ತದೆ. ಅದನ್ನು ದಿನವೂ ತೊಳೆದು ಕಟ್ಟುವವಳೂ ಅವಳೇ. ಆ ಹುಣ್ಣು ಅಜ್ಜಿಯ ಬೆನ್ನಲ್ಲಿ ಮಾತ್ರ ಇರುವುದಿಲ್ಲ.

ನಮ್ಮ ಮಗ್ಗುಲಲ್ಲೇ ನಡೆದದ್ದನ್ನು ನೆನೆಯಿರಿ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟವೇ ಪ್ರಶ್ನೆಗೆ ಬಂತು. ಸರಕಾರ ಅದರ ಬಳಕೆ ನಿಲ್ಲಿಸಿ ತಯಾರಿಸಿದ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿತು. ಬಾಟಲಿ ತಯಾರಿಸಿದವರು ಯಾರೋ, ಕೊಂಡವರು ಯಾರೋ, ಪರೀಕ್ಷೆ ಮಾಡಬೇಕಾದವರು ಯಾರೋ. ಆದರೆ ಇಂಥ ಬಾಟಲಿಯನ್ನು ಸ್ಟ್ಯಾಂಡಿಗೆ ತೂಗುಹಾಕಿ, ತಾಯಿಯ ಕೈಯಲ್ಲಿ ನರ ಹುಡುಕಿ ಸೂಜಿ ಚುಚ್ಚುವ ಬೆರಳುಗಳು ಯಾವಾಗಲೂ ಒಬ್ಬ ನರ್ಸಿನವು. ಅವಳು ತಪ್ಪು ಮಾಡಿರುವುದಿಲ್ಲ. ಆದರೂ ಮುಂದಿನ ಬಾಟಲಿ ಎತ್ತುವಾಗ ಆ ಕೈ ಹೇಗಿರಬೇಡ! ತನ್ನ ಕೈಯನ್ನೇ ನಂಬಲಾಗದ ಕಡೆ ಎಷ್ಟು ದಿನ ಇರಲು ಸಾಧ್ಯ?

ಆದ್ದರಿಂದ ನಾನು ಹೇಳಬೇಕೆಂದಿರುವುದು ಇಷ್ಟು. ಕೆಲಸ ಬಿಡಬೇಕೆನ್ನುವ ನರ್ಸಿನಲ್ಲಿ ಸೇವಾಭಾವ ಬತ್ತಿಹೋಗಿದೆ ಎಂದು ತೀರ್ಮಾನಿಸಬೇಡಿ. ಬತ್ತಿಹೋದವರಿಗೆ ಸಂಕಟವಾಗುವುದಿಲ್ಲ, ಅವರು ಯಾವ ತೊಂದರೆಯೂ ಇಲ್ಲದೆ ಹತ್ತು ವರ್ಷ ಅಲ್ಲೇ ಇರಬಲ್ಲರು. ಅನೇಕ ಸಲ ಹೊರಡುವ ಮಾತಾಡುವುದು ಇನ್ನೂ ಕರೆ ಕೇಳಿಸುತ್ತಿರುವವರು. ಅವರಿಗೆ ಅರೆಮನಸ್ಸಿನ ಕೆಲಸ ಮಾಡಲು ಬರುವುದಿಲ್ಲ.

ಇಲ್ಲಿ ‘ಸೇವೆ’ ಎಂಬ ನಮ್ಮ ಪ್ರೀತಿಯ ಶಬ್ದವನ್ನು ನಾವೇ ಸ್ವಲ್ಪ ಪರೀಕ್ಷಿಸಿಕೊಳ್ಳಬೇಕು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಕೆಲಸವಿರಲಿ, 1886ರಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಬೆಂಗಳೂರಿನಲ್ಲಿ ತೆರೆದ ಸಂತ ಮಾರ್ತಮ್ಮನವರ ಆಸ್ಪತ್ರೆಯಿರಲಿ, ಕರ್ನಾಟಕದಲ್ಲಿ ರೋಗಿಗಳ ಆರೈಕೆಯ ಚರಿತ್ರೆ ಬರೆಯುವವರು ಧರ್ಮಸಭೆಯನ್ನು ಬಿಟ್ಟು ಬರೆಯಲಾರರು. ಇದು ನಮ್ಮ ಹೆಮ್ಮೆ. ಆದರೆ ಕನ್ಯಾಸ್ತ್ರೀಯರ ಆರೈಕೆಯ ಹಿಂದೆ ಒಂದು ಮನೆಯಿತ್ತು. ಸಿಸ್ಟರ್ ಸಂಬಳ ಮನೆಗೆ ಒಯ್ಯುತ್ತಿರಲಿಲ್ಲ, ನಿಜ. ಅವರಿಗೆ ಕನ್ಯಾಮಠದಲ್ಲಿ ಊಟವಿತ್ತು, ಹಾಸಿಗೆಯಿತ್ತು, ಕಾಯಿಲೆ ಬಿದ್ದರೆ ನೋಡುವ ಸಹೋದರಿಯರಿದ್ದರು, ಮುಪ್ಪಿಗೆ ಆಸರೆಯಿತ್ತು, ಸತ್ತರೆ ಮಣ್ಣು ಮಾಡುವವರಿದ್ದರು. ಕಾಲ ಬದಲಾಯಿತು. ಈಗ ವಾರ್ಡುಗಳಲ್ಲಿರುವವರು ಹೆಚ್ಚಾಗಿ ಸಂಸಾರಸ್ಥ ಹೆಣ್ಣುಮಕ್ಕಳು, ಕೆಲವರು ಗಂಡುಮಕ್ಕಳು. ಅವರನ್ನೂ ನಾವು ‘ಸಿಸ್ಟರ್’ ಎಂದೇ ಕರೆಯುತ್ತೇವೆ. ಕರೆಯುವುದರ ಜೊತೆಗೆ ಸಿಸ್ಟರಂತೆ ಲೆಕ್ಕ ಕೇಳದೆ ದುಡಿಯಲಿ ಎಂದೂ ಬಯಸುತ್ತೇವೆ. ಅವಳ ಹಿಂದೆ ಕನ್ಯಾಮಠವಿಲ್ಲ, ಬಾಡಿಗೆ ಮನೆ ಮತ್ತು ಮೂರು ವರ್ಷದ ಕೂಸು ಇದೆ ಎಂಬುದನ್ನು ಮರೆತುಬಿಡುತ್ತೇವೆ. ತ್ಯಾಗ ಎಂಬುದು ಮನಸಾರೆ ಕೊಡುವವರ ಕೈಯಲ್ಲಿದ್ದರೆ ಪುಣ್ಯ. ಅದನ್ನು ಇನ್ನೊಬ್ಬರ ಸಂಬಳದ ಚೀಟಿಯಿಂದ ಮುರಿದುಕೊಳ್ಳುವುದಕ್ಕೆ ಬೇರೆ ಹೆಸರಿದೆ.

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿರುವ ದಯಾಳು ಸಮಾರಿಯದವನ ಸಾಮತಿ ನಿಮಗೆ ಬಾಯಿಪಾಠ. ದರೋಡೆಕೋರರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನ ಗಾಯಕ್ಕೆ ಅವನು ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ್ದು, ತನ್ನ ವಾಹನದ ಮೇಲೆ ಕೂರಿಸಿದ್ದು, ಛತ್ರಕ್ಕೆ ಒಯ್ದು ಆರೈಕೆ ಮಾಡಿದ್ದು, ಇಷ್ಟರವರೆಗೆ ಪ್ರತಿ ಪ್ರಬೋಧನೆಯಲ್ಲೂ ಕೇಳುತ್ತೇವೆ. ಮುಂದಿನ ಭಾಗವನ್ನು ಬೇಗ ದಾಟಿಬಿಡುತ್ತೇವೆ. ಮರುದಿನ ಸಮಾರಿಯದವನು ಏನು ಮಾಡಿದ? ತನ್ನ ದಾರಿ ಹಿಡಿದು ಹೊರಟ. ಹೌದು, ಗಾಯಾಳು ಇನ್ನೂ ಎದ್ದಿರಲಿಲ್ಲ, ಆದರೂ ಹೊರಟ. ಯೇಸುಸ್ವಾಮಿ ಅವನನ್ನು ಅದಕ್ಕಾಗಿ ತಪ್ಪುಗಾರನೆನ್ನಲಿಲ್ಲ, ಅವನಂತೆಯೇ ಮಾಡಬೇಕೆಂದು ಕಲಿಸಿದರು. ಹೊರಡುವ ಮುನ್ನ ಅವನು ಮಾಡಿದ್ದೇನೆಂದರೆ, ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ಗಾಯಾಳುವನ್ನು ಒಪ್ಪಿಸಿದ. ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುವುದಾಗಿ ಮಾತು ಕೊಟ್ಟ. ದ್ರಾಕ್ಷಾತೋಟದ ಆಳುಗಳ ಸಾಮತಿಯನ್ನು ನೆನೆದರೆ, ಅಂಥ ಒಂದು ನಾಣ್ಯ ಒಬ್ಬ ಕೂಲಿಯವನ ಒಂದು ದಿನದ ಕೂಲಿ. ಅಂದರೆ ಎರಡು ದಿನದ ಕೂಲಿ ಮುಂಗಡ, ಮೇಲಿನದಕ್ಕೆ ಭರವಸೆ.

ಛತ್ರದವನ ಬಗ್ಗೆ ನಾವು ಯೋಚಿಸಿದ್ದೇವೆಯೇ? ಮುಂದಿನ ದಿನಗಳಲ್ಲಿ ಗಂಜಿ ಕುಡಿಸುವವನು, ಬಟ್ಟೆ ಬದಲಿಸುವವನು, ರಾತ್ರಿ ನರಳಿದರೆ ಏಳುವವನು ಅವನೇ. ಸಂತ ಅಗಸ್ಟೀನರಂಥ ಸಭಾಪಿತೃಗಳು ಆ ಛತ್ರದಲ್ಲಿ ಧರ್ಮಸಭೆಯನ್ನೇ ಕಂಡರು. ಸಾಮತಿಯಲ್ಲಿ ಆರೈಕೆಯೂ ಇದೆ, ಹಣವೂ ಇದೆ, ಒಂದು ಇನ್ನೊಂದನ್ನು ಕೆಡಿಸಿಲ್ಲ. ಇದನ್ನು ಓದಿಯೂ ‘ನರ್ಸುಗಳು ದುಡ್ಡಿನ ಮಾತಾಡಬಾರದು’ ಎನ್ನುವವರು ಆ ಎರಡು ನಾಣ್ಯಗಳನ್ನು ಎಲ್ಲಿ ಬಚ್ಚಿಟ್ಟರೋ ತಿಳಿಯದು.

ಜಗದ್ಗುರುಗಳ ಬೋಧನೆಯೂ ಇದಕ್ಕೆ ಒಪ್ಪುವಂತಿದೆ. 1891ರಲ್ಲಿ ಹದಿಮೂರನೆಯ ಲಿಯೋ ತಮ್ಮ ವಿಶ್ವಪತ್ರ ‘ರೇರುಮ್ ನೊವಾರುಮ್’ನಲ್ಲಿ, ಕಷ್ಟಕ್ಕೆ ಸಿಕ್ಕ ಕೆಲಸಗಾರ ಕಡಿಮೆ ಕೂಲಿಗೆ ಒಪ್ಪಿಕೊಂಡ ಮಾತ್ರಕ್ಕೆ ಆ ಕೂಲಿ ನ್ಯಾಯವಾಗಿಬಿಡುವುದಿಲ್ಲ ಎಂದು ಕಲಿಸಿದರು. ‘ಅವಳೇ ಸಹಿ ಹಾಕಿದ್ದಾಳಲ್ಲ’ ಎನ್ನುವ ಆಡಳಿತಗಾರರಿಗೆ ನೂರು ವರ್ಷದ ಹಿಂದೆಯೇ ಉತ್ತರ ಬಂದಿದೆ. 1981ರಲ್ಲಿ ಎರಡನೆಯ ಜಾನ್ ಪೌಲರು, ಒಂದು ವ್ಯವಸ್ಥೆ ನ್ಯಾಯವಾಗಿದೆಯೇ ಎಂದು ತಿಳಿಯಲು ಅಲ್ಲಿ ಕೊಡುವ ಸಂಬಳವನ್ನೇ ಒರೆಗಲ್ಲಾಗಿ ಇಟ್ಟರು. 2025ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದ ಪೋಪ್ ಫ್ರಾನ್ಸಿಸರು 2018ರ ಮಾರ್ಚಿನಲ್ಲಿ ಇಟಲಿಯ ನರ್ಸುಗಳೊಡನೆ ಮಾತಾಡುತ್ತ ಸಿಸ್ಟರ್ ಕೊರ್ನೇಲಿಯಾ ಕರಾಲ್ಯೊ ಎಂಬ ಡೊಮಿನಿಕನ್ ಕನ್ಯಾಸ್ತ್ರೀಯನ್ನು ನೆನೆದರು. ತಾವು ಯುವಕರಾಗಿದ್ದಾಗ ಶ್ವಾಸಕೋಶದ ಕಾಯಿಲೆಯಿಂದ ಸಾಯುವ ಸ್ಥಿತಿಯಲ್ಲಿದ್ದಾಗ, ವೈದ್ಯರ ಮಾತನ್ನೂ ಮೀರಿ ಔಷಧದ ಪ್ರಮಾಣ ಹೆಚ್ಚಿಸಿ ಜೀವ ಉಳಿಸಿದವರು ಆಕೆ ಎಂದು ಅವರು ಹೇಳುತ್ತಿದ್ದರು. ಎಲ್ಲ ನರ್ಸುಗಳೂ ತಮ್ಮಷ್ಟಕ್ಕೆ ಔಷಧ ಹೆಚ್ಚಿಸಲಿ ಎಂದು ಯಾರೂ ಹೇಳುವುದಿಲ್ಲ! ಆದರೆ ಮಂಚದ ಬಳಿ ಇಡೀ ರಾತ್ರಿ ನಿಂತವಳಿಗೆ ಕಂಡದ್ದನ್ನು ಕೇಳಿಸಿಕೊಳ್ಳುವ ಆಸ್ಪತ್ರೆ ಬೇಕು. ‘ನೀನು ನರ್ಸು, ಹೇಳಿದಷ್ಟು ಮಾಡು’ ಎಂಬ ಒಂದು ಮಾತು, ಕಡಿಮೆ ಸಂಬಳಕ್ಕಿಂತ ಬೇಗ ರಾಜೀನಾಮೆ ಬರೆಸುತ್ತದೆ.

ಇನ್ನು ಕರ್ನಾಟಕದ ಮಗಳೊಬ್ಬಳ ಕಥೆ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ಆಸ್ಪತ್ರೆಯೊಳಗೇ ಅವಳ ಮೇಲೆ ಎರಗಿ, ನಾಯಿಯ ಸರಪಳಿಯಿಂದ ಕತ್ತು ಬಿಗಿದ. ಮೆದುಳಿಗೆ ಆದ ಪೆಟ್ಟಿನಿಂದ ಅವಳು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಆಗ ಮುಂಬೈಯ ನರ್ಸುಗಳು ಮುಷ್ಕರ ಹೂಡಿ ಅರುಣಾಳಿಗೆ ಒಳ್ಳೆಯ ಆರೈಕೆ, ತಮಗೆ ಕೆಲಸದ ಜಾಗದಲ್ಲಿ ರಕ್ಷಣೆ ಕೇಳಿದರು. ಅವಳು 2015ರ ಮೇ 18ರವರೆಗೆ ಅದೇ ಆಸ್ಪತ್ರೆಯ 4ನೇ ವಾರ್ಡಿನ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. 41 ವರ್ಷಗಳಿಗೂ ಹೆಚ್ಚು ಕಾಲ! ಉಣಿಸಿದವರು, ತೊಳೆದವರು, ಮಗ್ಗುಲು ಬದಲಿಸಿದವರು ಅಲ್ಲಿಯ ನರ್ಸುಗಳು. ಅಷ್ಟು ದೀರ್ಘಕಾಲ ಹಾಸಿಗೆ ಹಿಡಿದವಳ ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡರು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಅವಳು ಬದುಕಬೇಕೆಂದು ಆಸ್ಪತ್ರೆಯವರು ನಿಂತರು. 2011ರ ಮಾರ್ಚ್ 7ರಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿ, ಅವರ ಆರೈಕೆಯನ್ನು ಮನಸಾರೆ ಹೊಗಳಿತು.

ಈ ಕಥೆಯನ್ನು ಸೇವೆಗೆ ಉದಾಹರಣೆಯಾಗಿ ಹೇಳುವುದುಂಟು, ಹೇಳಬೇಕಾದದ್ದೇ. ಅದರಲ್ಲಿ ಇನ್ನೂ ಒಂದು ಸಂಗತಿಯಿದೆ. 1973ರಲ್ಲಿ ಅವಳನ್ನು ನೋಡಿಕೊಂಡ ನರ್ಸುಗಳೇ 2015ರಲ್ಲೂ ಇರಲಿಲ್ಲ. ನಡುವೆ ಎಷ್ಟೋ ಮಂದಿ ನಿವೃತ್ತರಾದರು, ಹೊಸಬರು ಬಂದರು. ಅರುಣಾಳನ್ನು ಕಣ್ಣಿಂದಲೂ ಕಾಣದಿದ್ದ, ಅವಳ ಮೇಲೆ ಹಲ್ಲೆಯಾದಾಗ ಹುಟ್ಟಿಯೇ ಇರದಿದ್ದ ಹುಡುಗಿಯರು ಅವಳಿಗೆ ಉಣಿಸಿದರು. ಒಬ್ಬರು ಹೋಗುವಾಗ ಇನ್ನೊಬ್ಬರಿಗೆ ಒಪ್ಪಿಸಿ ಹೋದರು, ಆದ್ದರಿಂದ ಆರೈಕೆ ನಿಲ್ಲಲಿಲ್ಲ. ಆ ನಿಷ್ಠೆ ಇಡೀ ಆಸ್ಪತ್ರೆಯದು. ಒಬ್ಬಳ ಹೆಗಲ ಮೇಲೆ ಹೊರಿಸಿದ್ದರೆ 41 ವರ್ಷ ಹಾಗಿರಲಿ, 41 ದಿನವೂ ನಡೆಯುತ್ತಿರಲಿಲ್ಲ.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಎಲ್ಲೋ ಇದೆ ಎಂದು ನನಗೆ ತೋರುತ್ತದೆ. ಪಾಳಿ ಮುಗಿಯುವಾಗ ನರ್ಸು ಮುಂದಿನ ಪಾಳಿಯವಳ ಜೊತೆ ಮಂಚದಿಂದ ಮಂಚಕ್ಕೆ ನಡೆದು, ಇವರಿಗೆ ರಾತ್ರಿ ಜ್ವರವಿತ್ತು, ಇವರಿಗೆ ಆರು ಗಂಟೆಗೆ ಇಂಜೆಕ್ಷನ್ ಆಗಿದೆ, ಇವರ ಮೇಲೆ ಕಣ್ಣಿಡಬೇಕು ಎಂದು ಒಪ್ಪಿಸಿ ಹೋಗುತ್ತಾಳೆ. ಒಪ್ಪಿಸದೆ ನಡುರಾತ್ರಿ ಎದ್ದು ಹೋದರೆ ಅದು ರೋಗಿಯನ್ನು ಕೈಬಿಟ್ಟಂತೆ, ಅದು ನಿಜವಾಗಿ ತಪ್ಪು. ನೋಟಿಸು ಕೊಟ್ಟು, ಅವಧಿ ಮುಗಿಸಿ, ಒಪ್ಪಿಸಿ ಹೊರಡುವುದು ಹಾಗಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಎಳೆಯ ಮನಸ್ಸುಗಳಿಗೆ ಪಾಪಭೀತಿ ಹುಟ್ಟಿಸಬಾರದು. ಒಪ್ಪಿಸಿಕೊಳ್ಳಲು ಆ ತುದಿಯಲ್ಲಿ ಇನ್ನೊಂದು ಕೈ ಇರುವಂತೆ ನೋಡಿಕೊಳ್ಳುವ ಹೊಣೆ ಹೊರಡುವವಳದಲ್ಲ. ಅದು ಆಸ್ಪತ್ರೆ ನಡೆಸುವವರದು, ಸರಕಾರದ್ದು, ಓಟು ಹಾಕುವ ನಮ್ಮದು. ಆ ಆಸ್ಪತ್ರೆ ನಡೆಸುವವರು ನಮ್ಮವರೇ ಆದರೆ ಹೊಣೆ ಇಮ್ಮಡಿ.

ನೀವು ಕೇಳಬಹುದು: ಎಲ್ಲರೂ ಹೀಗೆ ಒಪ್ಪಿಸಿ ಹೋದರೆ ನಮ್ಮ ಗತಿಯೇನು? ಪ್ರಶ್ನೆ ನ್ಯಾಯವಾದದ್ದು. 2002ರಲ್ಲಿ ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ದೇವದುರ್ಗ ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿತ್ತು. ಇಂಥ ಸೀಮೆಯಲ್ಲಿ ಒಬ್ಬ ನರ್ಸು ಹೋದರೆ, ಆ ನಷ್ಟ ಮೊದಲು ತಟ್ಟುವುದು ನಡುರಾತ್ರಿ ಹೆರಿಗೆ ನೋವು ತಿನ್ನುವ ಬಡವರ ಮನೆಯ ಹೆಣ್ಣುಮಗಳಿಗೆ. 108ರ ಗಾಡಿ ಮನೆ ಬಾಗಿಲಿಗೆ ಬರಬಹುದು, ಆದರೆ ಅದು ಒಯ್ದು ಇಳಿಸಿದಲ್ಲಿ ಕೈ ಹಿಡಿಯುವವರು ಇರಬೇಕಲ್ಲ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿತು. ಬೇಡಿಕೆ ನ್ಯಾಯವಾದದ್ದೇ. ಅದರ ಜೊತೆಗೆ, ಈಗಿರುವ ತಾಲೂಕು ಆಸ್ಪತ್ರೆಯಲ್ಲಿ ಎಷ್ಟು ನರ್ಸು ಹುದ್ದೆ ಖಾಲಿ, ಎಷ್ಟು ಮಂದಿ ಗುತ್ತಿಗೆಯವರು, ಅವರ ಸಂಬಳ ತಿಂಗಳಿಗೆ ಸರಿಯಾಗಿ ಆಗುತ್ತಿದೆಯೇ ಎಂದು ಕೇಳಲು ಸಾವಿರ ದಿನ ಬೇಡ, ಒಂದು ಅರ್ಜಿ ಸಾಕು. ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಗಳು ಹಬ್ಬದ ಪೆಂಡಾಲಿನ ಬಗ್ಗೆ ಎರಡು ಗಂಟೆ ಚರ್ಚಿಸುತ್ತವೆ. ಇದಕ್ಕೆ ಹತ್ತು ನಿಮಿಷ ಕೊಡಲಾಗದೇ?

ವಿಶ್ವ ಆರೋಗ್ಯ ಸಂಸ್ಥೆ 2020ನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಘೋಷಿಸಿ, ಜಗತ್ತಿಗೆ ಇನ್ನೂ 59 ಲಕ್ಷ ನರ್ಸುಗಳು ಬೇಕು ಎಂದಿತು. ಸಿರಿವಂತ ದೇಶಗಳು ತಮ್ಮ ಕೊರತೆಯನ್ನು ನಮ್ಮ ಮಕ್ಕಳಿಂದ ತುಂಬಿಕೊಳ್ಳುತ್ತಿವೆ. ಹೋಗುವ ಹುಡುಗಿಯನ್ನು ನಾನು ದೂರಲಾರೆ. ತಂಗಿಯರ ಓದು, ತಂದೆಯ ಸಾಲ, ಸೋರುವ ಮನೆ ಎಲ್ಲ ಅವಳ ಮುಂದಿವೆ. ಆದರೆ ಮಗಳು ಹತ್ತನೆಯ ತರಗತಿಯಲ್ಲಿರುವಾಗಲೇ, ಅವಳಿಗೆ ರಕ್ತ ಕಂಡರೆ ತಲೆಸುತ್ತು ಬರುತ್ತದೆಂದು ಗೊತ್ತಿದ್ದೂ, ವಿದೇಶದ ಸಂಬಳದ ಆಸೆಗೆ ಬಲವಂತದಿಂದ ನರ್ಸಿಂಗಿಗೆ ಸೇರಿಸುವ ತಂದೆತಾಯಿಗಳನ್ನು ದೂರದೆ ಇರಲಾರೆ. ಅಂಥ ಮಕ್ಕಳು ಆಸ್ಪತ್ರೆ ಬಿಡುವ ಯೋಚನೆ ಮಾಡುವುದು ಮೊದಲ ದಿನದಿಂದಲೇ.

ಆದ್ದರಿಂದ ಮಗಳು ಆ ಮಾತಾಡಿದ ದಿನ ಬೈಯಬೇಡಿ, ಕೂಡಲೇ ಹೂಂ ಎಂದೂ ಹೇಳಬೇಡಿ. ಮೊದಲು ಎರಡು ರಾತ್ರಿ ನಿದ್ದೆ ಮಾಡಲು ಬಿಡಿ. ರಾತ್ರಿ ಪಾಳಿ ಮುಗಿಸಿ ಬಂದವಳು ತೆಗೆದುಕೊಂಡ ತೀರ್ಮಾನ ಅವಳದೇ ಎಂದು ಹೇಳಲಾಗದು. ಆಮೇಲೆ ಕೇಳಿ. ಒಬ್ಬಳಿಗೆ ಎಷ್ಟು ಮಂಚ? ಯಾರಾದರೂ ಕೈಮಾಡಿದರೇ, ಕೆಟ್ಟ ಮಾತಾಡಿದರೇ? ಆಸ್ಪತ್ರೆಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ಶಿಕ್ಷಿಸಲು ಕರ್ನಾಟಕದಲ್ಲಿ 2009ರ ಕಾಯಿದೆಯಿದೆ, ಅದು ನರ್ಸುಗಳಿಗೂ ಅನ್ವಯಿಸುತ್ತದೆ ಎಂದು ಅವಳಿಗೆ ತಿಳಿಸಿ. ಆ ವಾರ್ಡು ಬೇಡವೋ, ಆ ಆಸ್ಪತ್ರೆ ಬೇಡವೋ, ಈ ವೃತ್ತಿಯೇ ಬೇಡವೋ ಎಂದು ಬಿಡಿಸಿ ಕೇಳಿ. ಮೂರೂ ಬೇರೆ ಬೇರೆ. ವಾರ್ಡು ಬದಲಾದರೆ ಸಾಕೆನ್ನುವವಳು ಇಡೀ ವೃತ್ತಿಯನ್ನೇ ಬಿಟ್ಟು ಬರುವುದುಂಟು, ಯಾರೂ ಕೇಳದೆ ಇದ್ದುದರಿಂದ.

ಬಿಡುವುದೇ ಸರಿ ಎಂದಾದರೆ ನೇಮಕದ ಪತ್ರ ತೆಗೆದು ನೋಟಿಸಿನ ಅವಧಿ ಎಷ್ಟೆಂದು ಓದಿ. ಮೂಲ ಸರ್ಟಿಫಿಕೇಟುಗಳು ಯಾರ ಬಳಿ ಇವೆ? ಆಸ್ಪತ್ರೆಯವರು ಇಟ್ಟುಕೊಂಡಿದ್ದರೆ ಬರವಣಿಗೆಯಲ್ಲಿ ವಾಪಸು ಕೇಳಿ. ಹೊಸ ಕಡೆ ಸೇರುವಾಗ ನಕಲು ಮಾತ್ರ ಕೊಡಿ. ಕೆಲಸ ಮಾಡಿದ ಅನುಭವದ ಪತ್ರ ಪಡೆಯದೆ ಹೊರಡಬೇಡಿ. ಕೊಲ್ಲಿ ದೇಶದ ಮಾತು ಬಂದರೆ ಇನ್ನೂ ಎಚ್ಚರ. 2015ರಲ್ಲಿ ಕುವೈತಿಗೆ ಹೋಗುವ ನರ್ಸುಗಳಿಂದ 19,500 ರೂಪಾಯಿಯ ಬದಲು 19 ಲಕ್ಷಕ್ಕೂ ಹೆಚ್ಚು ವಸೂಲಿ ಮಾಡಿದ ಪ್ರಕರಣ ಕೇರಳದಲ್ಲಿ ಹೊರಬಂತು. ಅದೇ ವರ್ಷ ಕೇಂದ್ರ ಸರಕಾರ ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ನರ್ಸುಗಳ ನೇಮಕ ಸರಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದು ನಿಯಮ ಮಾಡಿತು. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಚೀಟಿಯ ಫೋನ್ ನಂಬರಿಗೆ ಹೊಲ ಅಡವಿಟ್ಟು ಹಣ ಕಳಿಸಬೇಡಿ. ಊರಿನಲ್ಲಿ ಮೊದಲೇ ಹೋಗಿ ಬಂದ ನರ್ಸು ಯಾರಾದರೂ ಇದ್ದರೆ, ಭಾನುವಾರ ಪೂಜೆ ಮುಗಿದ ಮೇಲೆ ಅವಳನ್ನು ಮನೆಗೆ ಕರೆದು, ಒಂದು ಲೋಟ ಚಹ ಕೊಟ್ಟು, ನಿಮ್ಮ ಮಗಳ ಜೊತೆ ಕೂರಿಸಿ. ನೀವು ಹೊರಗೆ ಕಟ್ಟೆಯ ಮೇಲೆ ಕುಳಿತಿರಿ, ಅವರಿಬ್ಬರೇ ಮಾತಾಡಲಿ.